ಹಳೆಯ ಸಿನಿಮಾ ಲೆನ್ಸ್ ಕೊಳ್ಳಲು ಹೊರಟವರಿಗೆ: ಮೊದಲು ಅಳತೆ, ಆಮೇಲೆ ಹೆಸರು

ಹಳೆಯ ಸಿನಿಮಾ ಲೆನ್ಸ್ ಕೈಗೆ ಬಂದರೆ ಎಲ್ಲರೂ ಮೊದಲು ನೋಡುವುದು ಮುಂಭಾಗದ ಉಂಗುರದಲ್ಲಿ ಕೆತ್ತಿರುವ ಹೆಸರನ್ನು. ನಾನು ಹಿಂಭಾಗ ನೋಡುತ್ತೇನೆ. ಸ್ವಿಟಾರ್, ಆಂಜೆನ್ಯೂ, ಕುಕ್ ಎಂಬ ಹೆಸರುಗಳಿಗೇ ಜನ ಹಣ ಸುರಿಯುತ್ತಾರೆ. ಆದರೆ ಲೆನ್ಸ್ ಬೀಳಿಸುವ ಬಿಂಬ ನಿಮ್ಮ ಡಿಜಿಟಲ್ ಕ್ಯಾಮೆರಾದ ಸೆನ್ಸರಿಗಿಂತ ಚಿಕ್ಕದಾಗಿದ್ದರೆ ಎಂಥ ಹೆಸರಿದ್ದರೂ ಚಿತ್ರದ ನಾಲ್ಕು ಮೂಲೆಗಳೂ ಕಪ್ಪಾಗುತ್ತವೆ.

ಮಾರುಕಟ್ಟೆಯಲ್ಲಿ ಸಿಗುವ ಬಹುಪಾಲು ಲೆನ್ಸ್‌ಗಳು 16 ಮಿ.ಮೀ. ಫಿಲ್ಮಿಗಾಗಿ ಮಾಡಿದವು. ಆ ಫಿಲ್ಮಿನ ಒಂದು ಫ್ರೇಮಿನ ಕರ್ಣ 12.7 ಮಿ.ಮೀ. ಮಾತ್ರ, ಅಷ್ಟು ತುಂಬಿದರೆ ಅಂದಿನವರಿಗೆ ಸಾಕಿತ್ತು. ಇಂದಿನ ಡಿಜಿಟಲ್ ಸೆನ್ಸರುಗಳ ಅಳತೆ ನೋಡಿ: ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರಿನ ಕರ್ಣ 21.6, ಎಪಿಎಸ್-ಸಿಯದು ಸುಮಾರು 28, ಫುಲ್ ಫ್ರೇಮಿನದು 43.3 ಮಿ.ಮೀ. ಹೀಗಾಗಿ 10 ಮಿ.ಮೀ. ಫೋಕಲ್ ಲೆಂಗ್ತಿನ ವೈಡ್ ಲೆನ್ಸನ್ನು ಮೈಕ್ರೋ ಫೋರ್ ಥರ್ಡ್ಸ್‌ಗೆ ಹಾಕಿದರೆ ಕತ್ತಲ ನಡುವೆ ಒಂದು ವೃತ್ತ ಸಿಗುತ್ತದೆ, ಅಷ್ಟೇ. 25 ಮಿ.ಮೀ. ಲೆನ್ಸ್‌ಗಳಲ್ಲಿ ಸಾಮಾನ್ಯವಾಗಿ ಮೂಲೆಗಳಷ್ಟೇ ಕಪ್ಪಾಗುತ್ತವೆ. 50, 75 ಮಿ.ಮೀ. ಲೆನ್ಸ್‌ಗಳು ಅನೇಕ ಸಲ ಪೂರ್ತಿ ತುಂಬುತ್ತವೆ. ಕ್ಯಾಮೆರಾದಲ್ಲಿ ಸೆನ್ಸರಿನ ನಡುಭಾಗವನ್ನು ಮಾತ್ರ ಬಳಸುವ ಕ್ರಾಪ್ ಮೋಡ್ ಇದ್ದರೆ ನಿಮ್ಮ ಆಯ್ಕೆ ಒಮ್ಮೆಲೇ ಹಿಗ್ಗುತ್ತದೆ. 2013ರಲ್ಲಿ ಬಂದ ಮೊದಲ ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ ಕ್ಯಾಮೆರಾ ಈ ಲೆನ್ಸ್ ಪ್ರಿಯರಿಗೆ ಅಷ್ಟು ಅಚ್ಚುಮೆಚ್ಚಾದದ್ದೂ ಅದರ ಸೆನ್ಸರ್ ಹೆಚ್ಚುಕಡಿಮೆ ಸೂಪರ್ 16 (16 ಮಿ.ಮೀ. ಫಿಲ್ಮಿನ ತುಸು ಅಗಲದ ಫ್ರೇಮ್) ಅಳತೆಯದಾಗಿದ್ದರಿಂದಲೇ.

ಎರಡನೆಯ ಅಳತೆ, ಮೌಂಟಿನ (ಲೆನ್ಸ್ ಕ್ಯಾಮೆರಾಕ್ಕೆ ಕೂರುವ ಭಾಗ) ಅಂಚಿನಿಂದ ಸೆನ್ಸರಿಗಿರುವ ದೂರ. 16 ಮಿ.ಮೀ. ಲೆನ್ಸ್‌ಗಳಲ್ಲಿ ಸಾಮಾನ್ಯವಾದ, ಒಂದು ಇಂಚಿನ ತಿರುಪಿನ ಸಿ-ಮೌಂಟಿನಲ್ಲಿ ಇದು 17.526 ಮಿ.ಮೀ. ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾದಲ್ಲಿ 19.25 ಇರುವುದರಿಂದ ಅಡಾಪ್ಟರ್ (ಲೆನ್ಸನ್ನು ಕ್ಯಾಮೆರಾಕ್ಕೆ ಜೋಡಿಸುವ ಉಂಗುರ) ಕ್ಯಾಮೆರಾದ ಬಾಯೊಳಕ್ಕೆ ಇಳಿದು ಕೂರಬೇಕು. ದಪ್ಪ ಸೊಂಟದ ಲೆನ್ಸ್‌ಗಳು ಇಲ್ಲಿ ಅಡಾಪ್ಟರಿನ ಅಂಚಿಗೆ ತಾಗಿ ನಿಲ್ಲುತ್ತವೆ, ದೂರದ ದೃಶ್ಯಕ್ಕೆ ಫೋಕಸ್ ಬರುವುದೇ ಇಲ್ಲ. ಮೌಂಟಿನ ಬಳಿ ಲೆನ್ಸಿನ ಅಗಲ ಎಷ್ಟೆಂದು ಮಾರುವವರನ್ನು ಕೇಳಲು ಹಿಂಜರಿಯಬೇಡಿ. ಆರಿ ಸ್ಟ್ಯಾಂಡರ್ಡ್ ಮತ್ತು ಪಿಎಲ್ ಮೌಂಟುಗಳಲ್ಲಿ ಆ ದೂರ 52 ಮಿ.ಮೀ.; ಅಡಾಪ್ಟರಿಗೆ ಸಾಕಷ್ಟು ಜಾಗ ಉಳಿಯುವುದರಿಂದ ಮಿರರ್‌ಲೆಸ್ ಕ್ಯಾಮೆರಾಗಳ ಮೇಲೆ ಅವು ಸಲೀಸಾಗಿ ಕೂರುತ್ತವೆ. 8 ಮಿ.ಮೀ. ಫಿಲ್ಮಿನ ಡಿ-ಮೌಂಟ್ ಲೆನ್ಸ್‌ಗಳು ನೋಡಲು ಮುದ್ದಾಗಿರುತ್ತವೆ, ಬೆಲೆಯೂ ಕಡಿಮೆ. ಆದರೆ ಆ ದೂರ 12.29 ಮಾತ್ರ. ಪೆಂಟ್ಯಾಕ್ಸ್ ಕ್ಯೂನಂತಹ ಪುಟ್ಟ ಕ್ಯಾಮೆರಾ ಇಲ್ಲದವರು ಅವುಗಳ ಆಸೆ ಬಿಡುವುದು ಒಳಿತು.

ಅಡಾಪ್ಟರ್ ಕೊಳ್ಳುವ ಮೊದಲೇ ಈ ಎರಡನ್ನೂ ಅಳೆಯಬಹುದು. ರಟ್ಟಿನಲ್ಲಿ ಲೆನ್ಸಿನಷ್ಟೇ ಅಗಲದ ತೂತು ಕೊರೆದು ಲೆನ್ಸನ್ನು ಅದರಲ್ಲಿ ಸಿಕ್ಕಿಸಿ. ಕೋಣೆಯ ದೀಪ ಆರಿಸಿ, ಕಿಟಕಿಗೆ ಹತ್ತಿರ ನಿಂತು, ದೂರದ ಮರವೊಂದರತ್ತ ಹಿಡಿಯಿರಿ. ಫೋಕಸ್ ಉಂಗುರ ಅನಂತದ ಗುರುತಿನಲ್ಲಿರಲಿ. ಲೆನ್ಸಿನ ಹಿಂದೆ ಟ್ರೇಸಿಂಗ್ ಪೇಪರ್ ಹಿಡಿದು ಮುಂದೆ ಹಿಂದೆ ಸರಿಸಿ. ಕಾಗದದ ಹಿಂಬದಿಯಿಂದ ನೋಡುತ್ತಿದ್ದರೆ ತಲೆಕೆಳಗಾದ ಮರ ಒಂದು ಹಂತದಲ್ಲಿ ಚೊಕ್ಕವಾಗಿ ಮೂಡುತ್ತದೆ. ಅಲ್ಲಿ ನಿಲ್ಲಿಸಿ. ಮೌಂಟಿನ ಅಂಚಿನಿಂದ ಕಾಗದಕ್ಕೆ ಹದಿನೇಳೂವರೆ ಮಿ.ಮೀ. ಬಂದರೆ ಸಿ-ಮೌಂಟ್, ಹನ್ನೆರಡೂವರೆಯ ಆಸುಪಾಸಿನಲ್ಲಿದ್ದು ತಿರುಪು ಅದೇ ಒಂದು ಇಂಚಿನದಾಗಿದ್ದರೆ ಅದು ಸಿಎಸ್, ಕಾವಲು ಕ್ಯಾಮೆರಾದ ಲೆನ್ಸ್. ಇವೆರಡನ್ನೂ ಒಂದೇ ಹೆಸರಿನಲ್ಲಿ ಮಾರುವವರು ಬೇಕಾದಷ್ಟಿದ್ದಾರೆ. ಈಗ ಅಪರ್ಚರನ್ನು (ಬೆಳಕು ಒಳಬಿಡುವ ರಂಧ್ರ) ಒಂದೆರಡು ಸ್ಟಾಪ್, ಅಂದರೆ ಹಂತ, ಮುಚ್ಚಿ. ಬಿಂಬದ ವೃತ್ತದ ಅಂಚು ಸ್ಪಷ್ಟವಾಗುತ್ತದೆ, ಅದರ ವ್ಯಾಸವನ್ನು ಸ್ಕೇಲಿನಿಂದ ಅಳೆಯಿರಿ. ವೃತ್ತ ಕಿಟಕಿಯ ಚೌಕಟ್ಟಿಗೇ ಕತ್ತರಿಸಿಹೋಗುತ್ತಿದ್ದರೆ ಇನ್ನಷ್ಟು ಹತ್ತಿರ ಹೋಗಿ. ಅಪರ್ಚರ್ ಉಂಗುರವೇ ಇಲ್ಲವೆಂದಾದರೆ ಕೈಯಲ್ಲಿರುವುದು ಬಹುಶಃ ಪ್ರೊಜೆಕ್ಟರಿನ ಲೆನ್ಸ್.

ಸ್ವಿಸ್ ಕಂಪನಿ ಕೆರ್ನ್‌ನ ಲೆನ್ಸ್‌ಗಳ (ಸ್ವಿಟಾರ್ ಇವರದೇ) ಮೇಲೆ ಕಣ್ಣಿಟ್ಟವರಿಗೆ ಒಂದು ಮಾತು. ಕೆಲವುಗಳ ಮೇಲೆ 'ಎಚ್16 ಆರ್‌ಎಕ್ಸ್' ಎಂದು ಕೆತ್ತಿರುತ್ತದೆ. ಬೋಲೆಕ್ಸ್ ರಿಫ್ಲೆಕ್ಸ್ ಕ್ಯಾಮೆರಾದಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ಒಂದು ಪ್ರಿಸಂ ಇತ್ತು, 50 ಮಿ.ಮೀ. ಮತ್ತು ಅದಕ್ಕಿಂತ ಕಡಿಮೆಯ ಆರ್‌ಎಕ್ಸ್ ಲೆನ್ಸ್‌ಗಳನ್ನು ಆ ಗಾಜಿನ ಲೆಕ್ಕ ಹಿಡಿದೇ ರೂಪಿಸಿದ್ದರು. ಪ್ರಿಸಂ ಇಲ್ಲದ ಡಿಜಿಟಲ್ ಕ್ಯಾಮೆರಾದಲ್ಲಿ ಅಪರ್ಚರ್ ಪೂರ್ತಿ ತೆರೆದಾಗ ಚಿತ್ರ ಮಂಕಾಗಿ ಮೆತ್ತಗಾಗುತ್ತದೆ, ಮುಚ್ಚುತ್ತ ಹೋದಂತೆ ಸರಿಹೋಗುತ್ತದೆ. ಆ ಮೆತ್ತನೆಯ ಗುಣವನ್ನೇ ಬಯಸುವವರಿದ್ದಾರೆ, ಅವರೊಂದಿಗೆ ನನ್ನ ಜಗಳವಿಲ್ಲ. ನಾನಂತೂ ಆರ್‌ಎಕ್ಸ್ ಗುರುತಿಲ್ಲದ್ದನ್ನೇ ಆರಿಸುತ್ತೇನೆ.

ಇನ್ನು ಟಾರ್ಚ್. ಅಪರ್ಚರನ್ನು ಪೂರ್ತಿ ತೆರೆದು, ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ನೋಡಿ. ದೂರದಿಂದ ತರಿಸುವುದಾದರೆ ಹೀಗೆ ತೆಗೆದ ಫೋಟೊ ಕೇಳಿ. ಜೇಡರ ಬಲೆಯಂಥ ಎಳೆಗಳು ಫಂಗಸ್. ಬೇಗ ಶುಚಿಗೊಳಿಸಿದರೆ ಉಳಿಯಬಹುದು, ಕೋಟಿಂಗನ್ನು ತಿಂದಿದ್ದರೆ ಗುರುತು ಹೋಗುವುದಿಲ್ಲ. ಅಂಚಿನಿಂದ ಒಳಕ್ಕೆ ಹಬ್ಬುವ ಬಣ್ಣಬಣ್ಣದ ಕಲೆ ಎರಡು ಗಾಜುಗಳ ನಡುವಿನ ಬಾಲ್ಸಂ ಅಂಟು ಬಿಟ್ಟಿದ್ದರ ಸೂಚನೆ. ಅಂಥದ್ದನ್ನು ನಾನು ಮುಟ್ಟುವುದಿಲ್ಲ. ಮುಂದಿನ ಗಾಜಿನ ಸಣ್ಣ ಗೀರಿಗೆ ಗಾಬರಿ ಬೇಡ, ಅದನ್ನೇ ತೋರಿಸಿ ಚೌಕಾಸಿ ಮಾಡಿ. ಹಿಂದಿನ ಗಾಜಿನ ಗೀರು ಮಾತ್ರ ಚಿತ್ರವನ್ನು ಹಾಳುಮಾಡುತ್ತದೆ. ಫೋಕಸ್ ಉಂಗುರ ಬಿಗಿಯಾಗಿದ್ದರೆ ಒಣಗಿದ ಗ್ರೀಸ್ ಇರಬಹುದು, ಬದಲಿಸಿದರಾಯಿತು. ಮುಂಭಾಗ ಹಿಡಿದು ಅಲ್ಲಾಡಿಸಿದಾಗ ಲಟಲಟ ಎಂದರೆ ತಿರುಪು ಸವೆದಿದೆ. ಅಪರ್ಚರಿನ ಅಲಗುಗಳ ಮೇಲೆ ಎಣ್ಣೆಯ ಪಸೆ ಕಂಡರೆ ನಾನು ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ. ಸ್ಟಿಲ್ ಕ್ಯಾಮೆರಾದ ಲೆನ್ಸಿನಂತೆ ಅವು ಕ್ಷಣಾರ್ಧದಲ್ಲಿ ಮುಚ್ಚಿಕೊಳ್ಳಬೇಕಾಗಿಲ್ಲ.

ಆಂಜೆನ್ಯೂ 12-120ರಂಥ ಜೂಮ್ ಆದರೆ ಪೂರ್ತಿ ಹತ್ತಿರಕ್ಕೆಳೆದು ಫೋಕಸ್ ಮಾಡಿ, ಹಾಗೆಯೇ ವೈಡ್‌ಗೆ ಬನ್ನಿ. ಚಿತ್ರ ಮಸುಕಾದರೆ ಲೆನ್ಸನ್ನು ಬೈಯುವ ಮೊದಲು ಅಡಾಪ್ಟರನ್ನು ಬದಲಿಸಿ ನೋಡಿ, ಕೂದಲೆಳೆಯಷ್ಟು ದಪ್ಪ ಹೆಚ್ಚುಕಡಿಮೆಯಾದರೂ ಹೀಗಾಗುತ್ತದೆ. ಹಳೆಯ ಲೆನ್ಸನ್ನು ಕ್ಯಾಮೆರಾ ಗುರುತಿಸುವುದಿಲ್ಲ, ಹಾಗಾಗಿ ಮೆನುವಿನಲ್ಲಿ ಲೆನ್ಸ್ ಇಲ್ಲದೆ ಚಿತ್ರೀಕರಿಸುವ ಆಯ್ಕೆಯನ್ನು ಆನ್ ಮಾಡಿ. ಬಾಡಿಯಲ್ಲೇ ಕೈನಡುಕ ತಡೆಯುವ ಸ್ಟೆಬಿಲೈಸೇಷನ್ ಇದ್ದರೆ ಫೋಕಲ್ ಲೆಂಗ್ತನ್ನು ಕೈಯಾರೆ ತುಂಬಿ: ಲೆನ್ಸಿನ ಮೇಲೆ ಕೆತ್ತಿರುವ ಅಂಕಿಯನ್ನೇ, ಸೆನ್ಸರಿನ ಅಳತೆಗೆ ತಕ್ಕಂತೆ ಗುಣಿಸಿದ (ಕ್ರಾಪ್) ಅಂಕಿಯನ್ನಲ್ಲ.