ಅರ್ಧಕ್ಕೆ ನಿಂತ ಹಾಡು ಹುಡುಕುವುದು ಹೇಗೆ?

“ಇದರಾಗ ಏನೂ ಇಲ್ರೀ ಸರ. ಅರ್ಧಾ ಹಾಡಿ ನಿಂತೈತಿ.”

ಬೆಳಗಾವಿಯ ಒಂದು ಗುಜರಿ ಅಂಗಡಿಯಲ್ಲಿ ಹಳೇ ಕ್ಯಾಸೆಟ್‌ಗಳ ಡಬ್ಬಿ ಕೆದಕುತ್ತ ಕೂತಿದ್ದೆ. ಅಂಗಡಿಯವರು ಒಂದು ಕ್ಯಾಸೆಟ್ ಕೈಗೆತ್ತಿಕೊಂಡು ಹೀಗಂದರು. “ಅದನ್ನs ಹುಡುಕಾಕತ್ತೇನ್ರಿ” ಅಂದೆ. ನಕ್ಕು, ಸುಮ್ನೆ ಕೊಟ್ಟೇಬಿಟ್ಟರು.

ಮನೆಗೆ ಬಂದು ಹಾಕಿದೆ. ಹಾರ್ಮೋನಿಯಂ ಜೊತೆ ಒಬ್ಬರು ತತ್ವಪದ ಎತ್ತಿಕೊಂಡಿದ್ದರು. ಎರಡನೇ ನುಡಿಗೆ ಸಾಲು ಮರೆತುಹೋಯಿತು. ತಬಲಾದವರು ಇನ್ನೂ ಎರಡು ಆವರ್ತನ ಬಾರಿಸಿ ನಿಲ್ಲಿಸಿದರು. ಯಾರೋ ಕಿಸಕ್ಕನೆ ನಕ್ಕರು. “ಆ ಫ್ಯಾನ್ ಬಂದ್ ಮಾಡ್ರಿ, ಗರಗರ ಅಂತೈತಿ” ಎಂದು ದೂರದಿಂದ ಹೆಂಗಸಿನ ದನಿ. ಕುರ್ಚಿ ಸರಿದ ಸದ್ದು, ಒಂದು ಕೆಮ್ಮು, ಮತ್ತೆ ಅದೇ ಸ್ವರ. ಅಂದಿನಿಂದ ಗಾಯಕರು ತಪ್ಪಿದ, ನಿಲ್ಲಿಸಿದ, ನಕ್ಕ ರೆಕಾರ್ಡಿಂಗುಗಳನ್ನೇ ಕೂಡಿಹಾಕುತ್ತಿದ್ದೇನೆ. ನಿಮಗೂ ಈ ಹುಚ್ಚು ಹತ್ತಿದರೆ ಹೀಗೆ ಶುರು ಮಾಡಿ.

ಮೊದಲು ಯಾವ ಕಾಲದ್ದು ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂದು ತಿಳಿದುಕೊಳ್ಳಿ. ಟೇಪ್ ಬರುವ ಮುಂಚೆ ಹಾಡನ್ನು ದಪ್ಪ ಮೇಣದ ತಟ್ಟೆಯ ಮೇಲೆ ಕೊರೆಯುತ್ತಿದ್ದರು. ಅದನ್ನು ಹಚ್ಚಿ ಕೇಳಿದರೆ ಗೀರು ಹಾಳಾಗುತ್ತಿತ್ತು. ಗಾಯಕರು ತಪ್ಪಿದರೆ ಆ ಮೇಣವನ್ನು ಹೆರೆದು, ನುಣುಪು ಮಾಡಿ ಮತ್ತೆ ಬಳಸುತ್ತಿದ್ದರು. ತಪ್ಪು ಅಲ್ಲಿಗೇ ಕರಗಿಹೋಯಿತು. ಹಾಗಾಗಿ “1930ರ ಬ್ಲೂಪರ್ ಐತ್ರಿ” (ಬ್ಲೂಪರ್ ಎಂದರೆ ರೆಕಾರ್ಡಿಂಗಿನಲ್ಲಿ ಉಳಿದ ತಪ್ಪು) ಎಂದು ಯಾರಾದರೂ ದೊಡ್ಡ ರೇಟು ಹೇಳಿದರೆ ಮೊದಲು ಹಾಕಿಸಿ ಕೇಳಿ.

ಆದರೂ ಆ ಮೇಣದಿಂದ ಅಚ್ಚು ತೆಗೆದು ಒತ್ತಿ ಮಾರಿದ ತಟ್ಟೆಗಳನ್ನು ಪೂರ್ತಿ ಕೈಬಿಡಬೇಡಿ. 10 ಇಂಚಿನ 78 ತಟ್ಟೆಯ (ನಿಮಿಷಕ್ಕೆ 78 ಸುತ್ತು ತಿರುಗುವಂಥದ್ದು) ಒಂದು ಬದಿಗೆ ಹೆಚ್ಚುಕಡಿಮೆ 3 ನಿಮಿಷ. ಅಷ್ಟರಲ್ಲಿ ಇಡೀ ರಾಗ ಮುಗಿಸಬೇಕು. ಕೊನೆಗೆ ಗಾಯಕರು ಗಡಿಬಿಡಿ ಬೀಳುವುದು ಕೆಲವೊಮ್ಮೆ ಕಿವಿಗೇ ಸಿಗುತ್ತದೆ. 1902ರಲ್ಲಿ ಕಲ್ಕತ್ತದಲ್ಲಿ ಹಾಡಿದ ಗೋಹರ್ ಜಾನ್ ಹಾಡಿನ ಕೊನೆಗೆ “ಮೈ ನೇಮ್ ಈಸ್ ಗೋಹರ್ ಜಾನ್” ಎಂದು ಕೂಗುತ್ತಿದ್ದರು. ತಟ್ಟೆ ಒತ್ತುತ್ತಿದ್ದ ಜರ್ಮನಿಯವರಿಗೆ ಇದು ಯಾರ ದನಿ ಎಂದು ತಿಳಿಯಲಿ ಅಂತ. ಅದು ತಪ್ಪಲ್ಲ, ನಿಜ. ಆದರೆ ಹಾಡು ಮುಗಿದ ಮೇಲಿನ ಆ ಒಂದು ಕೂಗಿನಲ್ಲಿ ಮನುಷ್ಯರು ಸಿಗುತ್ತಾರೆ, ಅಲ್ವಾ?

ಎಲ್ಲಿ ಹುಡುಕಬೇಕು

ನಮ್ಮ ಕಡೆ ಹಾಡಿದವರಿಗೇನು ಕಡಿಮೆಯೇ? ಕುಮಾರ ಗಂಧರ್ವರು ಬೆಳಗಾವಿ ಪಕ್ಕದ ಸುಳೇಭಾವಿಯವರು. ಅಮೀರಬಾಯಿ ಕರ್ನಾಟಕಿ ಬೀಳಗಿಯವರು. ಆದರೆ ದೊಡ್ಡ ಹೆಸರಿನ ಬೆನ್ನು ಹತ್ತಿದರೆ ದುಡ್ಡು ಜಾಸ್ತಿ, ಸಿಗುವುದು ಕಡಿಮೆ. ನನ್ನ ಕೇಳಿದರೆ ಭಜನಿ ಮೇಳ, ನಾಟಕ ಕಂಪನಿ, ಶ್ರೀಕೃಷ್ಣ ಪಾರಿಜಾತದ ಮೇಳಗಳ ಟೇಪು ಹುಡುಕಿ. ಬಾದಾಮಿ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಈಗಲೂ ಟೆಂಟ್ ಹೊಡೆಯುತ್ತವೆ. ಹಳೇ ಹಾರ್ಮೋನಿಯಂ ಮಾಸ್ತರರ ಮನೆಯ ಅಟ್ಟದ ಮೇಲೆ ತಾಲೀಮಿನ ಕ್ಯಾಸೆಟ್ ಇರುವ ಸಾಧ್ಯತೆ ಹೆಚ್ಚು. ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವರ ಮನೆಗೂ ಹೋಗಿ. ರೇಡಿಯೋ ರಿಪೇರಿ ಅಂಗಡಿಯನ್ನು ಮರೆಯಬೇಡಿ. ಬಿಡುವಿದ್ದರೆ ಪುಣೆಯ ಜುನಾ ಬಜಾರಿಗೆ ಬುಧವಾರ ಇಲ್ಲವೇ ಭಾನುವಾರ ಹೋಗಿಬನ್ನಿ. ಅಲ್ಲಿ ತಟ್ಟೆಗೆ ‘ತಬಕಡಿ’ ಅಂದರೆ ಬೇಗ ತಿಳಿಯುತ್ತದೆ.

ಕೇಳುವಾಗ ‘ಅಪರೂಪದ್ದು’ ಎಂಬ ಮಾತು ಎತ್ತಲೇಬೇಡಿ. ರೇಟು ಏರುತ್ತದೆ, ಮನೆಯವರಿಗೂ ನೀವು ಏನು ಕೇಳುತ್ತಿದ್ದೀರಿ ತಿಳಿಯುವುದಿಲ್ಲ. “ಕೆಟ್ಟಿದ್ದು, ಅರ್ಧಕ್ಕೆ ನಿಂತಿದ್ದು ಏನರೆ ಐತೇನ್ರಿ?” ಅನ್ನಿ. ಹೊರಗೆ ಒಗೆಯಲು ಇಟ್ಟ ಡಬ್ಬಿ ಆಗ ಹೊರಬರುತ್ತದೆ.

ಕೈಗೆ ಸಿಕ್ಕ ಮೇಲೆ

78 ತಟ್ಟೆಯಾದರೆ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಲೇಬಲ್‌ಗೂ ಕೊನೆಯ ಗೀರಿಗೂ ನಡುವಿನ ನುಣುಪು ಜಾಗದಲ್ಲಿ ಅಕ್ಷರ, ಅಂಕಿ ಕೆತ್ತಿರುತ್ತಾರೆ. ಅದು ಮ್ಯಾಟ್ರಿಕ್ಸ್ ನಂಬರು, ಆ ರೆಕಾರ್ಡಿಂಗಿನ ಗುರುತು. ಎಷ್ಟೋ ತಟ್ಟೆಗಳಲ್ಲಿ ಅದರ ಬಾಲಕ್ಕೆ 1, 2, 3 ಎಂದು ಟೇಕ್ ಅಂಕಿ, ಅಂದರೆ ಎಷ್ಟನೇ ಸಲ ಹಾಡಿದ್ದು ಎಂಬುದು ಇರುತ್ತದೆ. 2 ಅಂತ ಕಂಡರೆ ಮೊದಲ ಸಲ ಏನೋ ಸರಿಬಂದಿಲ್ಲ ಎಂದು ಊಹಿಸಬಹುದು. ಒಂದೇ ಕ್ಯಾಟಲಾಗ್ ನಂಬರಿನ ಎರಡು ತಟ್ಟೆಗಳಲ್ಲಿ ಬೇರೆ ಬೇರೆ ಟೇಕ್ ಇರುವುದೂ ಉಂಟು. ‘ನನ್ನ ಹತ್ರ ಇದೆ’ ಎಂದು ಎರಡನೆಯದನ್ನು ಬಿಡುವ ಮುಂಚೆ ಅಂಕಿ ನೋಡಿ. ಲೇಬಲ್ ಬಿಳಿಯಾಗಿದ್ದು, ಪೆನ್ನಿನಲ್ಲಿ ಏನೋ ಗೀಚಿದ್ದರೆ ಅದು ಪರೀಕ್ಷೆಗೆ ಒತ್ತಿದ ತಟ್ಟೆ ಇರಬಹುದು. ಲೇಬಲ್ ಕಿತ್ತುಹೋದ ಮಾಮೂಲಿ ತಟ್ಟೆಯೂ ಇರಬಹುದು! ಅದನ್ನೂ ನಂಬರೇ ಹೇಳುತ್ತದೆ.

ತೊಳೆಯುವಾಗ ನನ್ನ ಹಾಗೆ ಮಾಡಬೇಡಿ. ಮೊದಲ ತಟ್ಟೆಯ ಧೂಳು ತೆಗೆಯಲು ಸ್ಪಿರಿಟ್ ಹಚ್ಚಿ ಒರೆಸಿದೆ. ಬಟ್ಟೆ ಕಪ್ಪಗಾಯಿತು. ‘ಅಬ್ಬಾ, ಎಷ್ಟು ಕೊಳೆ!’ ಅಂದುಕೊಂಡು ಇನ್ನಷ್ಟು ತಿಕ್ಕಿದೆ. ಬಂದದ್ದು ಕೊಳೆಯಲ್ಲ, ತಟ್ಟೆಯೇ. 78 ತಟ್ಟೆಗಳು ಅರಗಿನವು, ಸ್ಪಿರಿಟಿಗೆ ಕರಗುತ್ತವೆ. ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ, ಮೆತ್ತನೆಯ ಬ್ರಷ್, ಅಷ್ಟು ಸಾಕು. ಲೇಬಲ್‌ಗೆ ನೀರು ತಾಗದಿರಲಿ. ಸ್ಪಿರಿಟ್ ಬಾಟಲಿ ಟೇಪ್ ರೆಕಾರ್ಡರಿನ ಹೆಡ್ ಒರೆಸಲು ಇರಲಿ. ಸೂಜಿಯೂ ಬೇರೆ ಬೇಕು. ಆಮೇಲೆ ಬಂದ ಎಲ್‌ಪಿ ತಟ್ಟೆಗಳ ಸೂಜಿಯ ತುದಿ 78ರ ಅಗಲ ಗೀರಿಗೆ ತೀರಾ ಸಣ್ಣದು. ತಳದಲ್ಲಿ ಒದ್ದಾಡಿ ಬರೀ ಕರಕರ ಸದ್ದು ಕೊಡುತ್ತದೆ. ತಟ್ಟೆಗಳನ್ನು ಇಡುವಾಗ ಪುಸ್ತಕದ ಹಾಗೆ ನಿಲ್ಲಿಸಿ.

ಕ್ಯಾಸೆಟ್ ಸಿಕ್ಕ ತಕ್ಷಣ ಬೆನ್ನಿನ ಎರಡು ಪ್ಲಾಸ್ಟಿಕ್ ಎಸಳು ಮುರಿಯಿರಿ. ಇನ್ನು ಅಪ್ಪಿತಪ್ಪಿಯೂ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ಹಾಳಾದ ಹಾಡೆಂದು ಜನ ಅದರ ಮೇಲೇ ಮಗುವಿನ ಹುಟ್ಟುಹಬ್ಬ ತುಂಬಿಸಿಕೊಂಡದ್ದು ಕೇಳಿದರೆ ಹೊಟ್ಟೆ ಉರಿಯುತ್ತದೆ. ಗಾಲಿಗೆ ಸುತ್ತಿದ ಸ್ಪೂಲ್ ಟೇಪಾದರೆ ಮೊದಲು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಟೇಪು ಕೊಳೆಯತೊಡಗಿದೆ ಎಂದರ್ಥ, ಉಳಿದವುಗಳಿಂದ ದೂರ ಇಡಿ. ಅಂಟಂಟಾಗಿದ್ದರೆ ಮಷೀನಿಗೆ ಹಾಕಬೇಡಿ, ತಿಳಿದವರಿಗೆ ಒಯ್ಯಿರಿ. ಡಬ್ಬಿಯ ಮೇಲಿನ ಗೀಚಿನ ಫೋಟೋ ತೆಗೆದಿಡಿ. ಯಾರು, ಯಾವ ಊರು, ಎಷ್ಟನೇ ಟೇಕು ಎಂಬುದು ಅಲ್ಲಿ ಬಿಟ್ಟರೆ ಬೇರೆಲ್ಲೂ ಇರುವುದಿಲ್ಲ.

ನಕಲಿಗಳ ಬಗ್ಗೆಯೂ ಒಂದು ಮಾತು. ಅಮೆರಿಕದ ಕರ್ಮಿಟ್ ಶೇಫರ್ 1950ರ ದಶಕದಲ್ಲಿ ರೇಡಿಯೋ, ಟಿವಿಯವರ ಬಾಯ್ತಪ್ಪುಗಳನ್ನು ಎಲ್‌ಪಿಗಳಲ್ಲಿ ತಂದು ಮಾರಿದ. ಅದರಲ್ಲಿ ಎಷ್ಟೋ ತಪ್ಪುಗಳು ಆಮೇಲೆ ಹೊಸದಾಗಿ ನಟಿಸಿ ತುಂಬಿದವು. ನಿಜವಾದ ತಪ್ಪು ಅಷ್ಟು ನೀಟಾಗಿ ಇರುವುದಿಲ್ಲ. ಅದರ ಹಿಂದೆಮುಂದೆ ಬೇಜಾರು ಬರುವಷ್ಟು ಕಾಯುವಿಕೆ ಇರುತ್ತದೆ.

ಸಿಕ್ಕಿತೆಂದು ಎಲ್ಲರಿಗೂ ಹಂಚಬೇಡಿ. ನಮ್ಮ ಕಾಯ್ದೆಯಲ್ಲಿ ರೆಕಾರ್ಡಿಂಗಿನ ಹಕ್ಕು 60 ವರ್ಷ. ಅದನ್ನು ಎಣಿಸುವುದು ಪ್ರಕಟವಾದ ಮುಂದಿನ ವರ್ಷದಿಂದ. ಹೊರಗೇ ಬಾರದ ಟೇಕಿಗೆ ಹಾಡಿದ್ದು ಹಳೆಯದು ಎಂಬ ಲೆಕ್ಕ ನಡೆಯುವುದಿಲ್ಲ. ಅದಿರಲಿ, ತಪ್ಪಿದ ದನಿ ಹಾಡಿದವರದ್ದು. ಅವರನ್ನೋ ಮನೆಯವರನ್ನೋ ಕೇಳಿ.

ಕೊನೆಗೆ ಕಂಪ್ಯೂಟರಿಗೆ ಏರಿಸುವುದು. ವೇವ್ ಫೈಲ್ ಮಾಡಿಸಿ, 24 ಬಿಟ್, 96 ಕಿಲೋಹರ್ಟ್ಸ್. ಎರಡು ಕಡೆ ಕಾಪಿ ಇಡಿ. ಸದ್ದು ಕಡಿಮೆ ಮಾಡುವ ಯಾವ ಕಸರತ್ತೂ ಮೂಲ ಫೈಲಿನ ಮೇಲೆ ಬೇಡ. ಇದನ್ನು ಬಾಯಿಬಿಟ್ಟು ಹೇಳಲೇಬೇಕು. ನನ್ನ ತತ್ವಪದದ ಕ್ಯಾಸೆಟ್ಟನ್ನು ಒಂದು ಅಂಗಡಿಗೆ ಕೊಟ್ಟಿದ್ದೆ. ಹುಡುಗ ಖುಷಿಯಿಂದ ಪೆನ್‌ಡ್ರೈವ್ ಕೈಗಿಟ್ಟ. “ಕೆಮ್ಮು, ನಗು, ಫ್ಯಾನಿನ ಮಾತು ಎಲ್ಲಾ ತಗದು ಕ್ಲೀನ್ ಮಾಡೀನ್ರಿ ಸರ.” ಮೂಲ ಕ್ಯಾಸೆಟ್ ಇತ್ತು, ಬಚಾವ್. ಎರಡನೇ ಸಲ ಡಬ್ಬಿಗೆ ಚೀಟಿ ಅಂಟಿಸಿ ಕೊಟ್ಟೆ: ಕೆಮ್ಮು ಬೇಕು.