ಇದ್ದಂತೆಯೇ ಓದಬೇಕೋ, ರೂಪಕವೆಂದು ಓದಬೇಕೋ: ಬೈಬಲ್ ಸ್ಟಡಿ ನಡೆಸುವವರಿಗೆ

ಮೈಸೂರು, ಮಂಡ್ಯ ಕಡೆಯ ಪ್ರಾರ್ಥನಾ ಕೂಟಗಳಲ್ಲಿ ಬೈಬಲ್ ಸ್ಟಡಿ ಹಳಿ ತಪ್ಪುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆಯಿಂದ: "ಇದನ್ನ ಇರೋ ಹಾಗೇ ತಗೋಬೇಕಾ, ಇಲ್ಲ ಸಾಂಕೇತಿಕನಾ?" ಒಬ್ಬರು "ದೇವರ ವಾಕ್ಯ, ಅಕ್ಷರಕ್ಷರ ಸತ್ಯ" ಅಂದುಬಿಡುತ್ತಾರೆ. ಇನ್ನೊಬ್ಬರು "ಅದೆಲ್ಲ ಅಲಂಕಾರ ಬಿಡಿ" ಅನ್ನುತ್ತಾರೆ. ಇಬ್ಬರೂ ವಚನ ಓದುವ ಮೊದಲೇ ತೀರ್ಪು ಕೊಟ್ಟಾಗಿರುತ್ತದೆ. ಕೂಟ ನಡೆಸುವವರು ಆ ತೀರ್ಪನ್ನು ತಡೆಹಿಡಿದು, ಪಠ್ಯವೇ ಯಾವ ಸುಳಿವು ಕೊಡುತ್ತಿದೆ ಎಂದು ಎಲ್ಲರ ಕೈಯಲ್ಲೂ ಹುಡುಕಿಸಬೇಕು.

ಒಂದು ಕೂಟಕ್ಕೆ ಹತ್ತರಿಂದ ಹದಿನೈದು ವಚನ ಸಾಕು. ಒಂದೂವರೆ ಗಂಟೆಯಲ್ಲಿ ಅದಕ್ಕಿಂತ ಹೆಚ್ಚು ಹಿಡಿದರೆ ಓದು ಓಟವಾಗುತ್ತದೆ. ಹಳೆಯ ಸತ್ಯವೇದದ ಜೊತೆಗೆ ಇತ್ತೀಚಿನ ಒಂದು ಭಾಷಾಂತರವೂ ಇರಲಿ. ಎರಡೂ ಬೇರೆಬೇರೆ ಹೇಳುವ ಜಾಗದಲ್ಲೇ ಅನೇಕ ಸಲ ಅಲಂಕಾರ ಅಡಗಿರುತ್ತದೆ. ಭಾಗವನ್ನು ಎರಡು ಸಲ ಗಟ್ಟಿಯಾಗಿ ಓದಿಸಿ, ಎರಡನೆಯ ಸಲ ಬೇರೆಯವರಿಂದ.

ಮೊದಲು ಬಿಡಿಸಬೇಕಾದ ಗಂಟು ಒಂದಿದೆ. ಅಕ್ಷರಾರ್ಥ ಎಂದರೆ ಪದಗಳ ನಿಘಂಟಿನ ಅರ್ಥ ಎಂದು ಬಹಳ ಜನ ತಿಳಿದಿದ್ದಾರೆ. ಕ್ರೈಸ್ತ ದೇವತಾಶಾಸ್ತ್ರದಲ್ಲಿ ಅದು ಹಾಗಲ್ಲ. ಬರೆದವನು ಹೇಳಹೊರಟಿದ್ದೇ ಅಕ್ಷರಾರ್ಥ. 13ನೇ ಶತಮಾನದ ದೇವತಾಶಾಸ್ತ್ರಜ್ಞ ತೋಮಸ್ ಅಕ್ವಿನಾಸ್ ಇದನ್ನು ನೇರವಾಗಿ ಹೇಳಿದ್ದಾನೆ: ದೇವರ ತೋಳು ಎಂದು ಬರೆದಿದ್ದರೆ, ದೇವರಿಗೆ ಕೈಕಾಲಿವೆ ಎಂಬುದು ಅಲ್ಲಿನ ಅಕ್ಷರಾರ್ಥವಲ್ಲ, ಆ ತೋಳು ಸೂಚಿಸುವ ಕಾರ್ಯಶಕ್ತಿಯೇ ಅಕ್ಷರಾರ್ಥ. ಅಂದರೆ ರೂಪಕ ಅಕ್ಷರಾರ್ಥದ ಹೊರಗಿನದಲ್ಲ, ಅದರೊಳಗಿನದೇ. ಇಷ್ಟು ಒಪ್ಪಿಸಿದರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ.

ಗುರುತಿಸುವ ಉಪಾಯ ನಮ್ಮ ಅಲಂಕಾರಶಾಸ್ತ್ರದಲ್ಲೇ ಸಿದ್ಧವಾಗಿದೆ. ಕೂಟದಲ್ಲಿ ಕನ್ನಡ ಮೇಷ್ಟ್ರು ಯಾರಾದರೂ ಇದ್ದರೆ ಅವರಿಗೇ ವಿವರಿಸಲು ಬಿಡಿ. ಲಕ್ಷಣಾರ್ಥಕ್ಕೆ, ಅಂದರೆ ನೇರ ಅರ್ಥ ಬಿಟ್ಟು ಹಿಡಿಯುವ ಅರ್ಥಕ್ಕೆ, ಮೂರು ಷರತ್ತು: ಮುಖ್ಯಾರ್ಥ (ಪದದ ನೇರ ಅರ್ಥ) ಹೊಂದದೆ ಹೋಗಬೇಕು, ಹೊಸ ಅರ್ಥಕ್ಕೂ ಅದಕ್ಕೂ ಸಂಬಂಧ ಇರಬೇಕು, ಹಾಗೆ ಹೇಳುವುದು ರೂಢಿಯಲ್ಲಿರಬೇಕು ಇಲ್ಲವೇ ಅದರಿಂದ ಏನಾದರೂ ಪ್ರಯೋಜನ ಇರಬೇಕು. ಕಾವೇರಿ ಗಲಾಟೆ ಸಮಯದಲ್ಲಿ "ಮಂಡ್ಯ ಹೊತ್ತಿ ಉರಿಯಿತು" ಎಂದು ಪತ್ರಿಕೆ ಬರೆದರೆ ಯಾರೂ ಫೈರ್ ಎಂಜಿನ್‌ಗೆ ಫೋನ್ ಮಾಡುವುದಿಲ್ಲ. ಊರು ಎಂದರೆ ಊರಿನ ಜನ, ಉರಿ ಎಂದರೆ ಸಿಟ್ಟು, ಹಾಗೆ ಬರೆದದ್ದು ಸಿಟ್ಟಿನ ಬಿಸಿ ತಟ್ಟಲಿ ಎಂದು. ಆದರೆ ಅದೇ ವರದಿಯ ಮುಂದಿನ ಸಾಲಿನಲ್ಲಿ "ಹೆದ್ದಾರಿಯಲ್ಲಿ ಟೈರಿಗೆ ಬೆಂಕಿ ಹಚ್ಚಿದರು" ಎಂದಿದ್ದರೆ ಅದು ನಿಜವಾದ ಟೈರು, ನಿಜವಾದ ಬೆಂಕಿ. ಮೊದಲ ಸಾಲು ರೂಪಕ ಎಂಬ ಮಾತ್ರಕ್ಕೆ ಇಡೀ ವರದಿ ರೂಪಕವಾಗಲಿಲ್ಲ. ರೂಪಕದಲ್ಲಿ ಹೇಳಿದ ಸಿಟ್ಟೂ ಸುಳ್ಳಾಗಲಿಲ್ಲ.

ಈಗ ಪಠ್ಯಕ್ಕೆ. ಮೊದಲು ಪ್ರಕಾರ ಯಾವುದೆಂದು ನೋಡಿ: ಚರಿತ್ರೆಯೋ, ಹಾಡೋ, ಗಾದೆಯೋ, ಸಾಮ್ಯವೋ (ಹೋಲಿಕೆಯ ಕಥೆ), ಪತ್ರವೋ, ದರ್ಶನವೋ. 1965ರ ವ್ಯಾಟಿಕನ್ ಮಹಾಸಭೆಯ ದಾಖಲೆ 'ದೇಯಿ ವೆರ್ಬುಮ್' ತನ್ನ 12ನೇ ವಿಭಾಗದಲ್ಲಿ ಕೇಳುವುದೂ ಇದನ್ನೇ. ಜ್ಞಾನೋಕ್ತಿಗಳು 26:4 ಮೂಢನಿಗೆ ಉತ್ತರ ಕೊಡಬೇಡ ಎನ್ನುತ್ತದೆ, 26:5 ಕೊಡು ಎನ್ನುತ್ತದೆ. ಕಾನೂನೆಂದು ಓದಿದರೆ ವಿರೋಧ. ಗಾದೆಯೆಂದು ಓದಿದರೆ ಸಂದರ್ಭ ನೋಡಿ ನಡೆದುಕೋ ಎಂಬ ಬುದ್ಧಿಮಾತು.

ಆಮೇಲೆ, ಪಠ್ಯ ತಾನೇ ವಿವರಿಸಿದೆಯೇ ಎಂದು ಹುಡುಕಿ. ಇದನ್ನು ಬಿಟ್ಟು ಮುಂದೆ ಹೋಗುವುದೇ ಅತಿ ಸಾಮಾನ್ಯ ತಪ್ಪು. ಪ್ರಕಟನೆ 1:20 ಏಳು ದೀಪಸ್ತಂಭಗಳು ಏಳು ಸಭೆಗಳು ಎಂದು ಬಿಡಿಸಿ ಹೇಳುತ್ತದೆ. ದಾನಿಯೇಲ 8:20-21 ಟಗರು ಮೇದ್ಯ-ಪಾರಸಿಯ ರಾಜರು, ಹೋತ ಗ್ರೀಕ್ ರಾಜ ಎನ್ನುತ್ತದೆ. ಹೀಗಿರುವಾಗ ಆ ಪ್ರಾಣಿಗಳಿಗೆ ಇವತ್ತಿನ ಟಿವಿ ಸುದ್ದಿಯಲ್ಲಿ ದೇಶ ಹುಡುಕುವ ಅಗತ್ಯವಿಲ್ಲ. ಯೋಹಾನನ ಸುವಾರ್ತೆಯಲ್ಲಂತೂ ಅಪಾರ್ಥವೇ ಕಥೆಯ ತಂತ್ರ: ದೇವಾಲಯವನ್ನು ಮೂರು ದಿನದಲ್ಲಿ ಎಬ್ಬಿಸುವ ಮಾತು ಕಲ್ಲಿನ ಕಟ್ಟಡದ್ದೆಂದು ಕೇಳಿದವರು ತಿಳಿದರು, 2:21 ಅದು ಯೇಸುವಿನ ದೇಹ ಎನ್ನುತ್ತದೆ. ಯೇಸು ಹೊಸದಾಗಿ ಹುಟ್ಟಬೇಕು ಅಂದಾಗ ನಿಕೊದೇಮ ತಾಯಿಯ ಗರ್ಭ ಎಂದ, ಜೀವಜಲ ಅಂದಾಗ ಸಮಾರ್ಯದ ಹೆಂಗಸು ಬಾವಿಯ ನೀರು ಎಂದಳು, ಸತ್ತ ಲಾಜರ ನಿದ್ದೆ ಮಾಡಿದ್ದಾನೆ ಅಂದಾಗ ಶಿಷ್ಯರು ಹಾಗಾದರೆ ಹುಷಾರಾಗುತ್ತಾನೆ ಅಂದುಕೊಂಡರು.

ಮೂರನೆಯದು, ಅದೇ ಮಾತು ಅಥವಾ ಅದೇ ಘಟನೆ ಬೇರೆ ಕಡೆ ಹೇಗೆ ಬಂದಿದೆ ಎಂದು ಪಕ್ಕಪಕ್ಕ ಇಟ್ಟು ನೋಡುವುದು. ಒಂದು ಇಡೀ ಕೂಟವನ್ನು ಇದಕ್ಕೇ ಕೊಟ್ಟರೂ ನಷ್ಟವಿಲ್ಲ. ಅಭ್ಯಾಸಕ್ಕೆ ನ್ಯಾಯಸ್ಥಾಪಕರು 4 ಮತ್ತು 5ನೇ ಅಧ್ಯಾಯಕ್ಕಿಂತ ಒಳ್ಳೆಯ ಜಾಗ ಇಲ್ಲ: ಒಂದೇ ಯುದ್ಧ, ಮೊದಲು ಗದ್ಯದಲ್ಲಿ, ಆಮೇಲೆ ಪ್ರವಾದಿನಿ ದೆಬೋರಳ ಹಾಡಿನಲ್ಲಿ. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿಸಿ. ಗದ್ಯದಲ್ಲಿ ಶತ್ರುಗಳ ಸೇನಾಪತಿ ಸೀಸೆರನಿಗೆ 900 ಕಬ್ಬಿಣದ ರಥ; ಯೆಹೋವನು ಅವನ ಸೈನ್ಯವನ್ನು ಗಲಿಬಿಲಿ ಮಾಡಿದ, ಸೀಸೆರ ರಥದಿಂದ ಇಳಿದು ಓಡಿದ. ರಥ ಇದ್ದವನು ಯಾಕೆ ಇಳಿದು ಓಡಿದ? ಗದ್ಯ ಹೇಳುವುದಿಲ್ಲ. ಹಾಡಿನಲ್ಲಿ 5:20 ನಕ್ಷತ್ರಗಳು ಆಕಾಶದಿಂದ ಕಾದಾಡಿದವು ಎನ್ನುತ್ತದೆ. ಇಲ್ಲಿ ಮುಖ್ಯಾರ್ಥ ನಿಲ್ಲುವುದಿಲ್ಲ. ಆದರೆ 5:4 ಮೋಡ ಮಳೆ ಸುರಿಸಿತು ಎನ್ನುತ್ತದೆ, 5:21 ಕೀಷೋನ್ ಹೊಳೆ ಅವರನ್ನು ಕೊಚ್ಚಿಕೊಂಡು ಹೋಯಿತು ಎನ್ನುತ್ತದೆ. ಹೊಳೆ ಉಕ್ಕಿ ನೆಲ ಕೆಸರಾದರೆ ಕಬ್ಬಿಣದ ರಥ ಹೂತುಹೋಗುತ್ತದೆ, ಇಳಿದು ಓಡಲೇಬೇಕು. ಗದ್ಯ ಬಿಟ್ಟ ಕಾರಣದ ಸುಳಿವು ಹಾಡಿನಲ್ಲಿ ಸಿಕ್ಕಿತು. ಓಡಿದ ಸೀಸೆರ ಆಶ್ರಯ ಪಡೆದ ಯಾಯೇಲ ಎಂಬ ಹೆಂಗಸಿನ ಡೇರೆಯಲ್ಲಿ ತಿರುಗುಮುರುಗು: ಗದ್ಯದಲ್ಲಿ ಸೀಸೆರ ಮಲಗಿ ನಿದ್ದೆಹೋಗಿದ್ದಾಗ ಆಕೆ ತಲೆಗೆ ಗೂಟ ಹೊಡೆಯುತ್ತಾಳೆ, ಹಾಡಿನಲ್ಲಿ ಅವನು ಅವಳ ಕಾಲ ಬಳಿ ಕುಸಿದ, ಬಿದ್ದ ಎಂದು ಮತ್ತೆ ಮತ್ತೆ ಬರುತ್ತದೆ. ಅವನು ನಿಂತಿದ್ದನೋ ಮಲಗಿದ್ದನೋ ಎಂದು ಹಾಡನ್ನು ಕೇಳಬಾರದು. ಅದು ಗದ್ಯಕ್ಕೆ ಕೇಳುವ ಪ್ರಶ್ನೆ. ಈ ವ್ಯತ್ಯಾಸ ಕೈಗೆ ಹತ್ತಿದ ಮೇಲೆ ಸಮುದ್ರ ದಾಟಿದ್ದನ್ನು ಗದ್ಯದಲ್ಲೂ ಹಾಡಿನಲ್ಲೂ ಹೇಳುವ ವಿಮೋಚನಕಾಂಡ 14 ಮತ್ತು 15ನ್ನು ಮನೆಗೆ ಕೆಲಸವಾಗಿ ಕೊಡಿ.

ಸುವಾರ್ತೆಗಳಲ್ಲೂ ಇದೇ ದಾರಿ. ಲೂಕ 14:26ರಲ್ಲಿ ತಂದೆತಾಯಿಯನ್ನು ದ್ವೇಷಿಸದವನು ಶಿಷ್ಯನಾಗಲಾರ ಎಂದಿದೆ. ಅದರ ಜೊತೆ ಮತ್ತಾಯ 10:37 ಇಟ್ಟರೆ, ನನಗಿಂತ ಅವರನ್ನು ಹೆಚ್ಚು ಪ್ರೀತಿಸಬಾರದು ಎಂಬ ರೂಪದಲ್ಲಿ ಅದೇ ಮಾತು ಸಿಗುತ್ತದೆ. ಮನೆಯವರ ಜೊತೆ ಮುನಿಸಿಕೊಂಡ ಹುಡುಗನೊಬ್ಬ ಲೂಕನ ಸಾಲನ್ನು ಆಯುಧ ಮಾಡಿಕೊಳ್ಳುವ ಮೊದಲು ಇದನ್ನು ತೋರಿಸಿ.

ಎಡವುವ ಜಾಗಗಳಲ್ಲಿ ಒಂದು, ಸಾಮ್ಯದ ಪ್ರತಿ ವಿವರಕ್ಕೂ ಅರ್ಥ ಹಚ್ಚುವುದು. ಆದಿ ಸಭೆಯ ದೊಡ್ಡ ಪಂಡಿತ ಅಗಸ್ಟೀನನಂಥವನೇ, ಕಳ್ಳರ ಹೊಡೆತಕ್ಕೆ ಗಾಯಗೊಂಡು ಬಿದ್ದವನನ್ನು ಪರಕೀಯನೊಬ್ಬ ಛತ್ರಕ್ಕೆ ಸೇರಿಸುವ ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ಗಾಯಗೊಂಡವನು ಆದಾಮ, ಯೆರಿಕೋ ಚಂದ್ರ, ಛತ್ರ ಸಭೆ ಎಂದು ಬಿಡಿಸಿದ. ಕೇಳಲು ಚೆನ್ನಾಗಿದೆ. ಆದರೆ "ನನ್ನ ನೆರೆಯವನು ಯಾರು?" ಎಂಬ ಪ್ರಶ್ನೆಗೆ ಯೇಸು ಕೊಟ್ಟ ಉತ್ತರ ಅದರಲ್ಲಿ ಮಸುಕಾಗುತ್ತದೆ. ಕಥೆ ಯಾವ ಪ್ರಶ್ನೆಗೆ ಹುಟ್ಟಿತೋ ಅದಕ್ಕೆ ಗೂಟ ಕಟ್ಟಿಕೊಂಡು ಓದಿ. ಸಾಂಕೇತಿಕ ಓದೇ ತಪ್ಪು ಅಂತಲ್ಲ. ಗಲಾತ್ಯ 4:24ರಲ್ಲಿ ಪೌಲನೇ ಅಬ್ರಹಾಮನ ಮಕ್ಕಳ ತಾಯಂದಿರಾದ ಹಾಗರಳನ್ನೂ ಸಾರಳನ್ನೂ ಎರಡು ಒಡಂಬಡಿಕೆ ಎಂದು ಓದುತ್ತಾನೆ. ಅಕ್ಷರಾರ್ಥ, ಸಾಂಕೇತಿಕ, ನೈತಿಕ, ಪರಲೋಕದ ಕಡೆ ನೋಡುವ ಅರ್ಥ ಎಂಬ ನಾಲ್ಕನ್ನು ಕಥೋಲಿಕ ಪರಂಪರೆ ಇಂದಿಗೂ ಒಪ್ಪುತ್ತದೆ. ಆದರೆ ಉಳಿದ ಮೂರೂ ಮೊದಲನೆಯದರ ಮೇಲೆ ನಿಲ್ಲಬೇಕು, ವಾದಕ್ಕೆ ಆಧಾರ ಮೊದಲನೆಯದೊಂದೇ ಎನ್ನುವುದು ಅಕ್ವಿನಾಸನ ನಿಯಮ.

ಇದಕ್ಕಿಂತ ಕೆಟ್ಟದ್ದು, ಕಷ್ಟದ ಮಾತಿನಿಂದ ತಪ್ಪಿಸಿಕೊಳ್ಳಲು ಹೊಸ ಅರ್ಥ ಕಟ್ಟುವುದು. ಐಶ್ವರ್ಯವಂತ ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಿನಲ್ಲಿ ನುಗ್ಗುವುದು ಸುಲಭ ಎಂಬ ಮಾತು (ಮಾರ್ಕ 10:25) ಬಂದಾಗ "ಯೆರೂಸಲೇಮಿನಲ್ಲಿ ಸೂಜಿಕಣ್ಣು ಅಂತ ಒಂದು ಚಿಕ್ಕ ಬಾಗಿಲಿತ್ತು, ಒಂಟೆ ಮಂಡಿಯೂರಿ ನುಸುಳುತ್ತಿತ್ತು" ಎಂದು ಪ್ರಸಂಗದಲ್ಲಿ ಕೇಳಿದವರು ಕೂಟದಲ್ಲಿ ಇದ್ದೇ ಇರುತ್ತಾರೆ. ಯೇಸುವಿನ ಕಾಲದಲ್ಲಿ ಅಂಥ ಬಾಗಿಲು ಇತ್ತೆಂಬುದಕ್ಕೆ ಆಧಾರವಿಲ್ಲ. ಮುಂದಿನ ಎರಡು ವಚನ ಓದಿಸಿ: ಮಾರ್ಕ 10:26ರಲ್ಲಿ ಶಿಷ್ಯರು ಬೆಚ್ಚಿಬೀಳುತ್ತಾರೆ, 10:27ರಲ್ಲಿ ಮನುಷ್ಯರಿಗೆ ಇದು ಅಸಾಧ್ಯ ಎನ್ನಲಾಗಿದೆ. ಮಂಡಿಯೂರಿದರೆ ಸಾಧ್ಯವಾಗುವಂತಿದ್ದರೆ ಬೆಚ್ಚುವುದೇಕೆ? ಅದು ಬೇಕೆಂದೇ ಮಾಡಿದ ಅತಿಶಯೋಕ್ತಿ. ಅತಿಶಯೋಕ್ತಿ ಎಂದು ಒಪ್ಪಿದ ಮೇಲೂ ಮಾತಿನ ಮೊನೆ ಮೊಂಡಾಗಬಾರದು.

ಎಲ್ಲವನ್ನೂ ರೂಪಕ ಮಾಡುವುದಕ್ಕೂ ಹೊಸ ಒಡಂಬಡಿಕೆಯೇ ಬೇಲಿ ಹಾಕಿದೆ. ಪುನರುತ್ಥಾನ ಆಗಲೇ ಆಗಿಹೋಯಿತು ಎಂದು ಬೋಧಿಸಿದವರನ್ನು 2 ತಿಮೊಥೆಯ 2:17-18 ಹೆಸರು ಹಿಡಿದು ಖಂಡಿಸುತ್ತದೆ. ಕ್ರಿಸ್ತನು ಎದ್ದಿಲ್ಲವಾದರೆ ನಮ್ಮ ಸಾರೋಣ ವ್ಯರ್ಥ ಎಂದು 1 ಕೊರಿಂಥ 15:14. ಪೌಲ ಅಲ್ಲಿ ಸಾಕ್ಷಿಗಳ ಪಟ್ಟಿ ಕೊಡುತ್ತಿದ್ದಾನೆ, ಹಾಡು ಕಟ್ಟುತ್ತಿಲ್ಲ.

ಇಷ್ಟೆಲ್ಲ ಮಾಡಿದರೂ ಸಭೆಗಳು ಒಪ್ಪದ ಜಾಗಗಳು ಉಳಿಯುತ್ತವೆ. ಕಡೆಯ ಭೋಜನದಲ್ಲಿ ಯೇಸು ರೊಟ್ಟಿಯನ್ನು ಹಿಡಿದು ಹೇಳಿದ "ಇದು ನನ್ನ ದೇಹ" ಎಂಬುದೇ ದೊಡ್ಡದು. 1529ರಲ್ಲಿ ಜರ್ಮನಿಯ ಮಾರ್ಬುರ್ಗ್‌ನಲ್ಲಿ ಸುಧಾರಕ ಲೂಥರ್ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಈ ಮಾತನ್ನು ಲ್ಯಾಟಿನ್‌ನಲ್ಲಿ ಬರೆದಿಟ್ಟು ಅಲುಗಾಡಲಿಲ್ಲ. ಸ್ವಿಸ್ ಸುಧಾರಕ ಸ್ವಿಂಗ್ಲಿ ಇಲ್ಲಿ 'ಸೂಚಿಸುತ್ತದೆ' ಎಂಬ ಅರ್ಥ ಎಂದು, ಮಾಂಸದಿಂದ ಪ್ರಯೋಜನವಿಲ್ಲ ಎನ್ನುವ ಯೋಹಾನ 6:63 ತೋರಿಸಿದ. ಉಳಿದ 14 ಅಂಶಗಳಲ್ಲಿ ಒಪ್ಪಿದ ಇವರು ಇದೊಂದರಲ್ಲಿ ಪೂರ್ತಿ ಒಪ್ಪದೆ ಎದ್ದುಹೋದರು. ಮೈಸೂರಿನ ಕೂಟದಲ್ಲಿ ಸಂತ ಫಿಲೋಮಿನಾಗೆ ಹೋಗುವ ಕಥೋಲಿಕರೂ ಸಿಎಸ್‌ಐ (ಪ್ರೊಟೆಸ್ಟಂಟ್) ಸಭೆಯವರೂ ಅಕ್ಕಪಕ್ಕ ಕೂತಿದ್ದರೆ, ಇದನ್ನು ಒಂದು ಸಂಜೆಯಲ್ಲಿ ತೀರ್ಮಾನಿಸಲು ಹೋಗಬೇಡಿ.

ಆದಿಕಾಂಡ 1ರ ದಿನಗಳದ್ದೂ ಹಾಗೆಯೇ, ಆದರೆ ಇದು ವಿಜ್ಞಾನ ಬಂದ ಮೇಲೆ ಹುಟ್ಟಿದ ತಕರಾರು ಎಂಬ ಮಾತನ್ನು ಮಾತ್ರ ತಿದ್ದಿ. ನಾಲ್ಕನೆಯ ದಿನ ಸೂರ್ಯ ಬರುವ ಮೊದಲಿನ ಮೂರು ದಿನ ಎಂಥ ದಿನ ಎಂದು ಆದಿ ಸಭೆಯ ಪಂಡಿತ ಒರಿಗೆನ್ 3ನೇ ಶತಮಾನದಲ್ಲೇ ಕೇಳಿದ್ದ. ಆದಿಕಾಂಡದ ಅಕ್ಷರಾರ್ಥದ ಬಗ್ಗೆಯೇ ಪುಸ್ತಕ ಬರೆದ ಅಗಸ್ಟೀನ್ ಆ ದಿನಗಳು ನಮ್ಮ ಮಾಮೂಲಿ ದಿನಗಳಲ್ಲ ಎಂದೇ ತಿಳಿದಿದ್ದ. 24 ಗಂಟೆಯ ದಿನವೇ ಎನ್ನುವವರ ಬಳಿಯೂ ವಾದವಿದೆ: ಸಂಜೆಯಾಯಿತು, ಬೆಳಗಾಯಿತು ಎಂಬ ಪಲ್ಲವಿ, ಮತ್ತು ವಿಮೋಚನಕಾಂಡ 20:11 ಆರು ದಿನವನ್ನು ಸಬ್ಬತ್ತಿಗೆ (ಏಳನೆಯ ದಿನದ ವಿಶ್ರಾಂತಿಗೆ) ಲೆಕ್ಕ ಹಿಡಿದಿರುವುದು.

ಇಂಥ ಜಾಗಕ್ಕೆ ನೋಟ್‌ಬುಕ್ಕಿನಲ್ಲಿ ಒಂದು ಪುಟ ಬಿಡಿ. ಎರಡೂ ಓದನ್ನು ಬರೆದು, ಪ್ರತಿಯೊಂದರ ಕೆಳಗೆ ಅದು ನೆಚ್ಚಿಕೊಂಡ ವಚನಗಳ ಸಂಖ್ಯೆ ಬರೆಸಿ. ಎದುರಿನವರ ವಾದವನ್ನು ಅವರು "ಹೌದು, ನಾನು ಹೇಳಿದ್ದು ಇದೇ" ಅನ್ನುವಂತೆ ಹೇಳಬಲ್ಲವರಿಗೆ ಮಾತ್ರ ಉತ್ತರ ಕೊಡುವ ಸರದಿ. ಚರ್ಚೆ ಇಪ್ಪತ್ತು ನಿಮಿಷ ದಾಟಿದರೆ ಪುಟಕ್ಕೆ ತಾರೀಖು ಹಾಕಿ, ಮುಂದಿನ ವಚನ ತೆಗೆಯಿರಿ.