ಹೇರ್‌ಸ್ಪ್ರೇ ಹೊಡೆದು ತುಕ್ಕು ಬರಿಸಿದ ಕಥೆ

"ಹೇರ್‌ಸ್ಪ್ರೇ ಕೂದಲಿಗೆ ಸರಿ, ಮಾಡೆಲ್‌ಗೆ ಯಾಕಯ್ಯಾ" ಎಂದು ನಕ್ಕವರ ಕೈಗೆ ಈಗ ನನ್ನ ಟಿಪ್ಪರ್ ಕೊಡುತ್ತೇನೆ. ಕಿಟ್‌ನ ಪ್ಲಾಸ್ಟಿಕ್ ಬಿಡಿಭಾಗ ಜೋಡಿಸಿ ಮಾಡಿದ ಪುಟ್ಟ ಲಾರಿ, 1:24 ಅಳತೆಯದು, ಅಂದರೆ ನಿಜದ ಲಾರಿಯ 24ನೇ ಒಂದು ಪಾಲು. ತೊಟ್ಟಿಯ ಅಂಚಲ್ಲಿ ಹಳದಿ ಬಣ್ಣ ಚಕ್ಕೆ ಎದ್ದು ತುಕ್ಕು ಇಣುಕುತ್ತದೆ. ಬ್ರಷ್ಷಲ್ಲಿ ಚುಕ್ಕಿ ಇಟ್ಟದ್ದಲ್ಲ, ಮೇಲಿನ ಬಣ್ಣ ನಿಜಕ್ಕೂ ಕಿತ್ತು ಬಂದದ್ದು. ಉಪಾಯ ಇಷ್ಟೇ: ಅಡಿಯಲ್ಲಿ ತುಕ್ಕಿನ ಬಣ್ಣ, ನಡುವೆ ಹೇರ್‌ಸ್ಪ್ರೇ, ಮೇಲೆ ಹಳದಿ. ನೀರು ಒಳಗಿಳಿದರೆ ಹೇರ್‌ಸ್ಪ್ರೇ ಕರಗಿ ಹಳದಿ ಸಡಿಲವಾಗುತ್ತದೆ.

ಇದಕ್ಕೆ ಮೊದಲು ಎರಡು ತೊಟ್ಟಿ ಹಾಳಾದವು. ಮೊದಲ ಸಲ ಹಳದಿ ಅಕ್ರಿಲಿಕ್ ಬಣ್ಣ ತೆಳುವಾಗಲೆಂದು ಲ್ಯಾಕರ್ ಥಿನ್ನರ್ ಬೆರೆಸಿದ್ದೆ. ಬಣ್ಣ ಚೆನ್ನಾಗಿ ಕೂತಿತು, ಬೇಕಾದ್ದಕ್ಕಿಂತ ಜಾಸ್ತಿಯೇ ಕೂತಿತು. ನೀರು ಒಳಗಿಳಿಯಲೇ ಇಲ್ಲ. ಉಜ್ಜಿ ಉಜ್ಜಿ ಬೆರಳು ನೋವು ಬಂತೇ ಹೊರತು ಒಂದು ಚೂರೂ ಏಳಲಿಲ್ಲ. ಎರಡನೇ ಸಲ ಆತುರಪಟ್ಟೆ. ತುಕ್ಕಿನ ಬಣ್ಣ ಪೂರ್ತಿ ಒಣಗಿರಲಿಲ್ಲ, ಮೇಲೆ ವಾರ್ನಿಷ್ ಕೂಡ ಇಲ್ಲ. ನೀರು ತಾಕಿದ್ದೇ ತಡ, ಅಡಿಯ ತುಕ್ಕೂ ಸೇರಿ ಹಾಳೆ ಹಾಗೆ ಎದ್ದು ಬಂತು. ತೊಟ್ಟಿ ಒಂದೇ ಬಿಡಿಯಾಗಿ ಸಿಗಲಿಲ್ಲ, ಎರಡು ಸಲವೂ ಇಡೀ ಕಿಟ್ ಕೊಂಡೆ. ನಡುವೆ ಬಣ್ಣ ಸಿಂಪಡಿಸುವ ಏರ್‌ಬ್ರಷ್ಷಿನ ಸೂಜಿ ಬಗ್ಗಿಸಿಕೊಂಡೆ, ಅದರ ಖರ್ಚು ಬೇರೆ. ಇಡೀ ಲೆಕ್ಕದಲ್ಲಿ ಅಗ್ಗವಾಗಿದ್ದು ಹೇರ್‌ಸ್ಪ್ರೇ ಡಬ್ಬಿಯೇ!

ಮೂರನೇ ಸಲ ತುಕ್ಕಿನ ಮೇಲೆ ವಾರ್ನಿಷ್ ಹೊಡೆದು ಒಂದು ದಿನ ಮುಟ್ಟಲಿಲ್ಲ. ಆಮೇಲೆ ಸುಮಾರು ಒಂದಡಿ ದೂರದಿಂದ ಹೇರ್‌ಸ್ಪ್ರೇ, ತೆಳುವಾಗಿ ಎರಡು ಪದರ. ಹಳದಿಗೆ ಬರೀ ನೀರು ಬೆರೆಸಿದೆ. ಅರ್ಧ ಗಂಟೆಯೊಳಗೆ ಉಜ್ಜಲು ಕೂತೆ. ಉಗುರುಬೆಚ್ಚಗಿನ ನೀರು ಹಚ್ಚಿ ಒಂದರ್ಧ ನಿಮಿಷ ಸುಮ್ನೆ ಬಿಡಬೇಕು. ಆಮೇಲೆ ಕೂದಲು ಗಿಡ್ಡ ಮಾಡಿದ ಹಳೇ ಬ್ರಷ್ಷಲ್ಲಿ ಕುಕ್ಕಿದರೆ ಬಣ್ಣ ಸಣ್ಣ ಸಣ್ಣ ಚೂರಾಗಿ ಏಳುತ್ತದೆ. ಕಲ್ಲು ಬೀಳುವ ಕಡೆ, ಹಿಂಬಾಗಿಲು ಬಡಿಯುವ ಕಡೆ ಜಾಸ್ತಿ ಕುಕ್ಕಿದೆ. ಇಡೀ ಲಾರಿಗೆ ಒಂದೇ ಸಮ ತುಕ್ಕು ಹಿಡಿಸಿದರೆ ನೋಡಿದವರು ನಂಬಲ್ಲ, ಅಲ್ವಾ?

ಹೇರ್‌ಸ್ಪ್ರೇ ಬದಲು ಉಪ್ಪಿನ ಹರಳು ಅಂಟಿಸಿ, ಮೇಲೆ ಬಣ್ಣ ಹೊಡೆದು ಹರಳು ಉದುರಿಸುವುದನ್ನೂ ಮಾಡಿ ನೋಡಿದೆ. ಚಕ್ಕೆಗಳು ತುಂಬಾ ದೊಡ್ಡವಾದವು, ಕೈಬಿಟ್ಟೆ.

ಡಯೋರಾಮಾದ, ಅಂದರೆ ಮಾಡೆಲ್ ನಿಲ್ಲಿಸುವ ಪುಟ್ಟ ದೃಶ್ಯದ ಕೆಸರೂ ಸತಾಯಿಸಿತು. ಹೊರಗಿನ ಮಣ್ಣನ್ನೇ ಜರಡಿ ಹಿಡಿದು ಹಾಕಿದ್ದೆ. ಆದರೆ 1 ಮಿ.ಮೀ. ಹರಳು ಈ ಅಳತೆಯಲ್ಲಿ 2.4 ಸೆಂ.ಮೀ. ಜಲ್ಲಿ! ಕೊನೆಗೆ ತೆಳು ಬಟ್ಟೆಯಲ್ಲಿ ಸೋಸಿದ ಪುಡಿ, ಪಿವಿಎ ಗೋಂದು, ಪಿಗ್ಮೆಂಟ್ ಎಂಬ ಬಣ್ಣದ ಪುಡಿ ಕಲಸಿದೆ. ಒಣಗಿದ ಮೇಲೂ ಬಿಳಿಚದೆ ಕಪ್ಪಗೆ ಉಳಿಯಲು ಇನ್ನೊಂದು ವಸ್ತು ಸೇರಿಸುತ್ತೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕಿಟ್‌ನ ಮೆತ್ತನೆಯ ವಿನೈಲ್ ಟೈರಿನ ಬಗ್ಗೆ ಮಾತ್ರ ಹುಷಾರು. ಹಳೇ ಲಾರಿಯೊಂದರಲ್ಲಿ ಟೈರ್ ತಾಗಿದ ಕಡೆಯೆಲ್ಲ ರಿಮ್ಮಿನ ಪ್ಲಾಸ್ಟಿಕ್ ಕರಗಿ ಅಂಟಂಟಾಗಿತ್ತು. ಟಿಪ್ಪರ್‌ಗೆ ರೆಸಿನ್ ಟೈರ್ ಹಾಕಿ, ತಳ ಉಜ್ಜಿ ಸ್ವಲ್ಪ ಚಪ್ಪಟೆ ಮಾಡಿದೆ. ಈಗ ಲೋಡ್ ಹೊತ್ತ ಹಾಗೆ ಕೂತಿದೆ. ಅವತ್ತು ನಕ್ಕವರಲ್ಲಿ ಒಬ್ಬರು ಮೊನ್ನೆ ಯಾವ ಹೇರ್‌ಸ್ಪ್ರೇ ಎಂದು ಕೇಳಿದರು.